ಕೋರಿಡೋರಸ್ ಮೀನುಗಳ ಮೀಸೆ ಮತ್ತೆ ಚಿಗುರಿತು

ನನ್ನ ಅಕ್ವೇರಿಯಂನ ಆರು ಕೋರಿಡೋರಸ್ ಮೀನುಗಳ, ಅಂದರೆ ತಳದಲ್ಲಿ ಆಹಾರ ಹುಡುಕುವ ಪುಟ್ಟ ಮೀನುಗಳ, ಮೀಸೆ ದಿನೇ ದಿನೇ ಮೋಟಾಗುತ್ತಿತ್ತು. ಒಂದರ ಬಾಯಿಯ ಸುತ್ತ ಕೆಂಪಗೆ ಹುಣ್ಣಿನಂತೆ ಕಂಡಾಗ ಕರುಳು ಚುರುಕ್ ಎಂದಿತು. ರೋಗವೆಂದೇ ಬಗೆದು ಔಷಧಿ ಹಾಕಲು ಹೊರಟಿದ್ದೆ; ಹಾಕದೆ ಉಳಿದದ್ದು ಒಳ್ಳೆಯದಾಯಿತು.

ಒಂದು ಸಂಜೆ ಗಾಜಿನ ಮುಂದೆ ಅಲುಗಾಡದೆ ಕುಳಿತು ನೋಡಿದೆ. ಪಾಪ, ಅವು ತಳದ ಹರಳುಕಲ್ಲುಗಳ ಸಂದಿಯಲ್ಲಿ ಮೂತಿ ತೂರಿಸಿ ಆಹಾರ ಹುಡುಕುತ್ತಿದ್ದವು. ಒಂದು ಕಲ್ಲನ್ನು ತೆಗೆದು ಬೆರಳಿಂದ ಸವರಿದರೆ ಅಂಚು ಚೂಪು. ಪೈಪ್ ತೂರಿಸಿ ನೀರು ಎಳೆದಾಗ ಕೊಳೆತ ಆಹಾರದ ಕಂದು ಮೋಡವೇ ಎದ್ದಿತು. ಗಾಯ ಮಾಡುವ ಕಲ್ಲು, ಅದಕ್ಕೆ ಸೋಂಕು ಹಚ್ಚುವ ಕೊಳೆ, ಎರಡೂ ಅಲ್ಲೇ ಇದ್ದವು.

ಕಲ್ಲನ್ನೆಲ್ಲ ಒಮ್ಮೆಗೇ ತೆಗೆಯಲಿಲ್ಲ. ಮೀನಿಗೆ ವಿಷವಾದ ಅಮೋನಿಯಾವನ್ನು ಬೇರೆ ವಸ್ತುವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಅದರ ಮೇಲೂ ನೆಲೆಸಿರುತ್ತವೆ. ವಾರಕ್ಕೆ ಮೂರನೇ ಒಂದು ಭಾಗದಂತೆ ತೆಗೆದು, ಚೆನ್ನಾಗಿ ತೊಳೆದ ನುಣುಪು ಮರಳನ್ನು ಸುಮಾರು 3 ಸೆಂಟಿಮೀಟರ್ ಹರಡಿದೆ. ಫಿಲ್ಟರ್ ಮುಟ್ಟಲಿಲ್ಲ. ಕ್ಲೋರಿನ್ ತೆಗೆದ ನೀರಿನಿಂದ ವಾರಕ್ಕೊಮ್ಮೆ ಶೇ 30ರಷ್ಟು ಬದಲಿಸಿದೆ. ಆಹಾರ ಕಡಿಮೆ ಮಾಡಿದೆ.

ಮರಳು ಬಿದ್ದ ಮರುದಿನವೇ ಅವುಗಳ ನಡೆಯೇ ಬೇರೆ! ಕಣ್ಣಿನವರೆಗೂ ಮೂತಿ ಹುಗಿದು, ಮರಳನ್ನು ಬಾಯಿಗೆಳೆದು, ಕಿವಿರಿನಿಂದ ಸಣ್ಣ ಧಾರೆಯಾಗಿ ಸುರಿಸುತ್ತಿದ್ದವು. ದಕ್ಷಿಣ ಅಮೆರಿಕದ ತೊರೆಗಳ ತಳದಲ್ಲಿ ಅವು ಬದುಕುವುದೇ ಹೀಗೆ. ನಾನು ಅದನ್ನೇ ಕಸಿದಿದ್ದೆ.

ಏಳನೇ ವಾರಕ್ಕೆ ಐದು ಮೀನುಗಳ ಮೀಸೆ ಬೆಳೆದಿತ್ತು. ಬುಡವೇ ಸವೆದುಹೋಗಿದ್ದ ಒಂದಕ್ಕೆ ಮಾತ್ರ ಬರಲಿಲ್ಲ. ಅದರ ಆಹಾರವನ್ನು ಈಗಲೂ ಅದರ ಮೂತಿಯ ಹತ್ತಿರವೇ ಹಾಕುತ್ತೇನೆ.