ಕಾಳಿ ಎಂಬ ನಾಯಿಯ ಕತೆಯನ್ನು ನಾನು ತಿದ್ದಿಕೊಂಡಿದ್ದು

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ಕತೆಗೆ ಅಂತ ಇಟ್ಟಿದ್ದೇನೆ. ಇತಿಹಾಸದಲ್ಲಿ ನಿಜವಾಗಿ ನಡೆದ, ಆದರೆ ಕೇಳಿದರೆ ನಂಬೋಕೆ ಕಷ್ಟವಾಗುವ ಸಂಗತಿಗಳು. ಮಕ್ಕಳು ಆ ಹತ್ತು ನಿಮಿಷಕ್ಕಾಗಿ ಉಳಿದ ಮೂವತ್ತು ನಿಮಿಷ ಸುಮ್ನೆ ಕೂತಿರುತ್ತಾರೆ.

ಮೊದಮೊದಲು ನಾನು ಕೇಳಿದ್ದನ್ನೆಲ್ಲ ಹೇಳಿಬಿಡುತ್ತಿದ್ದೆ. ಆತಕೂರಿನ ನಾಯಿಯ ಕತೆಯನ್ನೂ ಹಾಗೇ ಹೇಳಿದ್ದೆ. ಒಬ್ಬ ವೀರನಿಗೆ ಕಾಳಿ ಅಂತ ನಾಯಿ ಇತ್ತು, ಕಾಡಲ್ಲಿ ಹಂದಿ ಒಡೆಯನ ಮೇಲೆ ಬಿದ್ದಾಗ ಅವನ ಪ್ರಾಣ ಉಳಿಸಿ ತಾನು ಸತ್ತಿತು, ಅದಕ್ಕೆ ಅವನು ಕಲ್ಲು ನೆಡಿಸಿದ ಅಂತ. ಒಂದಿಬ್ಬರು ಹುಡುಗಿಯರು ಕಣ್ಣೊರೆಸಿಕೊಂಡರು. ಆಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮಿಸ್, ಅದು ಆ ಕಲ್ಲಿನ ಮೇಲೇ ಬರೆದಿದೆಯಾ?"

ಇದೆ ಅಂದೆ. ಆದರೆ ನಾನು ಓದಿರಲಿಲ್ಲ. ಅವತ್ತು ರಾತ್ರಿ ಆ ಮಾತು ನನ್ನನ್ನು ಬಿಡಲಿಲ್ಲ.

ಹುಡುಕಾಟ ಶುರುವಾಗಿದ್ದು ಲೈಬ್ರರಿಯಿಂದ. ನಮ್ಮ ನಾಡಿನ ಶಾಸನ ಹುಡುಕುವವರಿಗೆಲ್ಲ ಮೊದಲ ಬಾಗಿಲು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳು. ಅವನ್ನು ತಂದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಊರೂರಿನಿಂದ ಸುಮಾರು ಒಂಬತ್ತು ಸಾವಿರ ಶಾಸನ ಕಲೆಹಾಕಿಸಿ, ತಾಲ್ಲೂಕಿನ ಪ್ರಕಾರ ನಂಬರು ಕೊಟ್ಟು ಅಚ್ಚು ಹಾಕಿಸಿದರು. ನಿಮ್ಮ ತಾಲ್ಲೂಕು ತೆಗೆದು ನೋಡಿ, ದಿನಾ ಓಡಾಡುವ ದಾರಿಯಲ್ಲಿರುವ ಕಲ್ಲು ಅಲ್ಲಿ ಸಿಕ್ಕರೂ ಸಿಗಬಹುದು.

ಆತಕೂರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು. ಶಾಸನದಲ್ಲಿ ಶಕ ವರ್ಷ 872 ಎಂದಿದೆ. ಶಕಕ್ಕೆ 78 ಕೂಡಿಸಿದರೆ ಹೆಚ್ಚುಕಮ್ಮಿ ಕ್ರಿಸ್ತಶಕ ಸಿಗುತ್ತದೆ. 950ರ ಆಸುಪಾಸು. ರಾಷ್ಟ್ರಕೂಟರ ಮೂರನೇ ಕೃಷ್ಣ ತಮಿಳುನಾಡಿನ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಬೂತುಗನ ಕಡೆ ಹೋರಾಡಿದವನು ಮಣಲೆರ. ಮಣಲೆರನ ಶೌರ್ಯಕ್ಕೆ ದೊರೆ ಮೆಚ್ಚಿ, ಏನು ಬೇಕೋ ಕೇಳಿಕೋ ಅಂದ.

ಅವನು ಕೇಳಿದ್ದು ಒಂದು ನಾಯಿಯನ್ನು. ಕಾಳಿಯನ್ನು.

ಇಲ್ಲಿಗೇ ನನಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಸಂಗತಿಯನ್ನೇ ನಾನು ಹೇಳಿರಲಿಲ್ಲ. ಆ ಯುದ್ಧಕ್ಕಾಗಿ ಬೂತುಗನಿಗೆ 'ಬನವಾಸಿ ಹನ್ನೆರಡು ಸಾವಿರ' ಅಂತ ಕರೆಯುತ್ತಿದ್ದಂಥ ನಾಡುಗಳೇ ಸಿಕ್ಕವು. ಮಣಲೆರನಿಗೂ ಬೂತುಗ ಊರುಗಳನ್ನು ಕೊಟ್ಟ. ಆ ಉಡುಗೊರೆಗೆ ಶಾಸನ ಬಳಸುವ ಮಾತು 'ಬಾಳ್ಗಚ್ಚು'. ಬಾಳು ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ರಕ್ತ ಹತ್ತಿದ ಕತ್ತಿ ತೊಳೆದು ಕೊಟ್ಟ ಊರು! ಈ ಒಂದು ಪದಕ್ಕೇ ಒಂದು ಪೀರಿಯಡ್ಡು ಕೊಡಬಹುದು.

ಪುಸ್ತಕ ಓದಿ ಸುಮ್ಮನಾಗಬಾರದು ಅನ್ನಿಸಿತು. ಆ ಕಲ್ಲು ಈಗ ಊರಲ್ಲಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಬಂದಿದೆ. ಶಾಸನದ ಪಾಠವನ್ನು, ಅಂದರೆ ಕಲ್ಲಿನ ಮೇಲಿರುವ ಮಾತುಗಳನ್ನು, ಕೈಯಲ್ಲಿ ಬರೆದುಕೊಂಡು ಒಂದು ಬೆಳಿಗ್ಗೆ ಹೋದೆ. ಅಕ್ಷರಗಳ ನಡುವೆ ಹಂದಿಯ ಮೇಲೆ ಬಿದ್ದ ನಾಯಿ ಕಾಣಿಸಿತು. ಎದುರಿಗೆ ನಿಂತರೆ ಅಕ್ಷರ ಗೊತ್ತಾಗುವುದಿಲ್ಲ. ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಜಾಗದಲ್ಲಿ ನಿಂತಾಗ ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬಂತು. ಈಗ ಯಾವ ಊರಿಗೆ ಹೋದರೂ ಬ್ಯಾಗಲ್ಲಿ ಒಂದು ಟಾರ್ಚು ಇರುತ್ತದೆ. ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಪಕ್ಕದಿಂದ ಬೆಳಕು ಬಿಡಬೇಕು. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸುರಿಯುವುದು ದಯವಿಟ್ಟು ಬೇಡ. ಸಾವಿರ ವರ್ಷ ತಾಳಿದ ಕಲ್ಲು, ನಮ್ಮ ಕೈಯಲ್ಲಿ ಹಾಳಾಗಬಾರದು.

ಹತ್ತನೇ ಶತಮಾನದ ಲಿಪಿ ಕಲಿಯದೆ ಓದಲಾಗುವುದಿಲ್ಲ. ಆದರೆ ಕೈಯಲ್ಲಿ ಪಾಠವಿದ್ದರೆ ಒಂದೊಂದೇ ಅಕ್ಷರ ಜೋಡಿಸಿ ನೋಡಬಹುದು. ಮೊದಲು ಗುರುತು ಸಿಕ್ಕಿದ್ದು 'ನ', ಆಮೇಲೆ 'ರ'. ಒಂದು ಗಂಟೆ ಹೊತ್ತಿಗೆ ಈ ಮಾತು ಸಿಕ್ಕಿತು: ಪಂದಿಯುಂ ನಾಯುಂ ಒಡಸತ್ತುವು.

ಪಂದಿ ಎಂದರೆ ಹಂದಿ. ಹಳಗನ್ನಡದ ಪಕಾರ ನಮ್ಮ ಬಾಯಲ್ಲಿ ಹಕಾರವಾಗಿದೆ, ಪಾಲು ಹಾಲಾದ ಹಾಗೆ. ಇನ್ನು 'ಒಡಸತ್ತುವು'. ಒಡಹುಟ್ಟಿದವರು ಅಂತೀವಲ್ಲ, ಅದೇ ಒಡ. ಜೊತೆಯಾಗಿ ಹುಟ್ಟಿದವರು ಒಡಹುಟ್ಟು. ಇವೆರಡೂ ಒಡಸತ್ತವು. ಬೆಳ್ತೂರಿನ ಪಡುವಣ ದಿಕ್ಕಿನ ದಿಣ್ಣೆಯಲ್ಲಿ ದೊಡ್ಡ ಹಂದಿಯ ಮೇಲೆ ನಾಯಿಯನ್ನು ಬಿಟ್ಟರು, ಎರಡೂ ಜೊತೆಗೇ ಸತ್ತವು. ಅಷ್ಟೇ ಇರುವುದು. ಒಡೆಯನ ಪ್ರಾಣ ಉಳಿಸಿದ ಮಾತು ಎಲ್ಲೂ ಇಲ್ಲ. ಅದನ್ನು ಯಾರೋ ಸೇರಿಸಿದ್ದರು, ನಾನು ಮುಂದಕ್ಕೆ ದಾಟಿಸಿದ್ದೆ.

ಮುಂದಿನ ಸಾಲುಗಳು ಇನ್ನೂ ಚೆನ್ನಾಗಿವೆ. ಚೆಲ್ಲೇಶ್ವರ ದೇವಸ್ಥಾನದ ಮುಂದೆ ನಾಯಿಗೆ ಕಲ್ಲು ನೆಡಿಸಿದರು. ಅದರ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟರು. ಪೂಜೆ ಮಾಡಬೇಕಾದ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಕೆತ್ತಿಸಿದರು. ಒಂದು ನಾಯಿಗೆ ದಿನಾ ಪೂಜೆ, ಆಮೇಲೆ ಮನುಷ್ಯನ ಊಟ. ಕಣ್ಣೀರು ಬರಿಸೋಕೆ ಇದಕ್ಕಿಂತ ಜಾಸ್ತಿ ಏನು ಬೇಕು? ನಾವು ಸೇರಿಸಿದ ಮಾತೇ ಸಪ್ಪೆ ಅನ್ನಿಸಿತು.

ಆವತ್ತಿನಿಂದ ನನ್ನ ಕತೆಗಳ ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿದೆ. ಎಡಗಡೆ 'ಅಂತೆ', ಬಲಗಡೆ 'ಇದೆ'. ಕೇಳಿದ್ದೆಲ್ಲ ಎಡಕ್ಕೆ. ಕಲ್ಲಲ್ಲೋ ತಾಮ್ರಪಟದಲ್ಲೋ ಕಡತದಲ್ಲೋ ಸಿಕ್ಕಿದ್ದು ಬಲಕ್ಕೆ. ಎಡಗಡೆಯದನ್ನು ತರಗತಿಯಲ್ಲಿ ಹೇಳಲ್ಲ ಅಂತಲ್ಲ, ಹೇಳುತ್ತೇನೆ. ಆದರೆ 'ಅಂತೆ' ಬಿಡದೆ ಹೇಳುತ್ತೇನೆ.

ಬೆಂದಕಾಳೂರಿನ ಕತೆ ಈಗ ಎಡಗಡೆ ಇದೆ. ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಅಜ್ಜಿ ಬೇಯಿಸಿದ ಕಾಳು ಕೊಟ್ಟಳು, ಅದಕ್ಕೆ ಬೆಂಗಳೂರು ಅಂತ ಹೆಸರು ಬಂತಂತೆ. ಬಲಗಡೆ ಬೇಗೂರಿನ ಶಾಸನ ಇದೆ. ಸುಮಾರು 890ರದು. ಅದರಲ್ಲಿ ಬೆಂಗಳೂರು ಕಾಳಗದಲ್ಲಿ ಸತ್ತವನ ಸುದ್ದಿ ಇದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅಜ್ಜಿ ಕಾಳು ಬೇಯಿಸುವುದಕ್ಕೆ ಹೆಚ್ಚುಕಮ್ಮಿ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಬೋರ್ಡಿನ ಮೇಲೆ ಎರಡು ಇಸವಿ ಬರೆದು ಕಳೆಯಿರಿ ಅಂದರೆ ಸಾಕು, ಮಕ್ಕಳೇ ಕಂಡುಹಿಡಿಯುತ್ತಾರೆ. ಆ ಕ್ಷಣದಲ್ಲಿ ಅವರ ಮುಖ ನೋಡುವುದು ನನಗೆ ಬಹಳ ಇಷ್ಟ.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನೂ ಬಲಗಡೆಗೆ ಬರೆದಿದ್ದೇನೆ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750. ಅದು ಸಿಕ್ಕಿದ್ದು 2018ರಲ್ಲಿ, ಮೋರಿ ಕೆಲಸಕ್ಕೆ ಅಗೆಯುವಾಗ.

ಮುಂದಿನ ವರ್ಷ ಆ ತರಗತಿಯವರನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಕಾಳಿಯ ಕಲ್ಲಿನ ಮುಂದೆ ನಿಲ್ಲಿಸಿ, ಹೋದ ವರ್ಷ ನಾನು ತಪ್ಪು ಹೇಳಿದ್ದೆ, ನಿಜವಾಗಿ ಇರುವುದು ಇದು ಅಂತ ಮೊದಲಿಂದ ಹೇಳಿದೆ. 'ಒಡಸತ್ತುವು' ಅನ್ನೋ ಮಾತನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಮೊದಲು ಪ್ರಶ್ನೆ ಕೇಳಿದ್ದ ಹುಡುಗ ಟಾರ್ಚು ಹಿಡಿದಿದ್ದ. ಬೆಳಕನ್ನು ಅಕ್ಷರದಿಂದ ನಿಧಾನಕ್ಕೆ ಚಿತ್ರದ ಕಡೆ ಸರಿಸಿದ.

"ಮಿಸ್, ಹಾಗಾದ್ರೆ ಇದು ಹಂದಿಯ ಕಲ್ಲೂ ಹೌದು ಅಲ್ವಾ?"