ಮನೆಯ ಕನ್ಸೋಲಿಗೆ ವಿಆರ್ ಹೆಡ್‌ಸೆಟ್: ಬಳಸಿ ಕಂಡುಕೊಂಡದ್ದು

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಎಂದರೆ ಕಣ್ಣಿಗೆ ಕಟ್ಟಿಕೊಂಡು, ಗೇಮಿನೊಳಗೇ ಇದ್ದೇವೆ ಎಂಬಂತೆ ಆಡುವ ಸಾಧನ. ಸೋನಿ ಕಂಪನಿಯ ಪ್ಲೇಸ್ಟೇಷನ್ ವಿಆರ್ 2 ಹೆಡ್‌ಸೆಟ್ 2023ರ ಫೆಬ್ರವರಿ 22ರಂದು ಅಮೆರಿಕದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 549.99 ಡಾಲರ್ ಇತ್ತು. ಅದು ಕೆಲಸ ಮಾಡಲು ಬೇಕಾದ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲಿನ ಬೆಲೆ ಆಗ 499.99 ಡಾಲರ್ ಇತ್ತು. ಅದೇ ವರ್ಷದ ಕೊನೆಗೆ ನಮ್ಮ ದೇಶಕ್ಕೆ ಬಂದಾಗಲೂ ಲೆಕ್ಕ ಬದಲಾಗಲಿಲ್ಲ. ಹೆಡ್‌ಸೆಟ್ಟಿಗೆ 57,999 ರೂಪಾಯಿ, ಡಿಸ್ಕ್ ಹಾಕುವ ಕನ್ಸೋಲಿಗೆ 54,990 ರೂಪಾಯಿ. ಮೂಲ ಯಂತ್ರಕ್ಕಿಂತ ಅದಕ್ಕೆ ಜೋಡಿಸುವ ಸಾಧನವೇ ದುಬಾರಿಯಾಗಿದ್ದಾಗ, ಇದು ಕೊಳ್ಳತಕ್ಕದ್ದೇ ಎಂಬ ಪ್ರಶ್ನೆ ಸಹಜವಾಗಿತ್ತು. ನನ್ನನ್ನು ಹೀಗೆ ಕೇಳುವ ಗೆಳೆಯರಿಗೆ ನಾನು ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ಕೂತು ಆಡುವಂತಹ, ಚಾಲಕನ ಸೀಟಿನಲ್ಲಿ ನಿಮ್ಮನ್ನು ಕೂರಿಸುವಂತಹ ಯಾವುದಾದರೂ ಒಂದು ಗೇಮನ್ನು ನೀವು ಈಗಾಗಲೇ ಟಿವಿಯ ಮುಂದೆ ತಿಂಗಳುಗಟ್ಟಲೆ ಆಡುತ್ತಿದ್ದೀರಾ? ಹೌದಾದರೆ ವಿಆರ್ ನಿಮಗೆ ಸಲ್ಲುತ್ತದೆ. ಇಲ್ಲವಾದರೆ, ಮುಂದೆ ಒಳ್ಳೆಯ ಗೇಮ್‌ಗಳು ಬರಬಹುದು ಎಂಬ ಭರವಸೆಯ ಮೇಲೆ ಇಷ್ಟು ಹಣ ಹಾಕಬೇಡಿ ಎನ್ನುತ್ತೇನೆ. ಈ ನಿಲುವಿಗೆ ನಾನು ಬಂದದ್ದು ಎರಡು ತಲೆಮಾರಿನ ಹೆಡ್‌ಸೆಟ್‌ಗಳನ್ನು ಮಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಇಟ್ಟುಕೊಂಡು ಬಳಸಿದ ಮೇಲೆ.

ಮೊದಲನೆಯದು 2016ರ ಅಕ್ಟೋಬರಿನಲ್ಲಿ ಬಂದ, ಪ್ಲೇಸ್ಟೇಷನ್ 4ಕ್ಕೆ ಜೋಡಿಸುವ ಹೆಡ್‌ಸೆಟ್. ಅದರ ಜೊತೆಗೆ ಒಂದು ಪ್ರತ್ಯೇಕ ಪ್ರೊಸೆಸರ್ ಪೆಟ್ಟಿಗೆ, ಟಿವಿಯ ಮೇಲೆ ಕೂರಿಸುವ ಕ್ಯಾಮೆರಾ, ಕೆಲವು ಗೇಮ್‌ಗಳಿಗೆ ಕೈಯಲ್ಲಿ ಹಿಡಿಯಲು ಬಣ್ಣದ ಬೆಳಕಿನ ಗೋಲಿಯಿರುವ ಮೂವ್ ಕಂಟ್ರೋಲರ್‌ಗಳು ಬೇಕಾಗಿದ್ದವು. ಹೆಡ್‌ಸೆಟ್ ಮತ್ತು ಕಂಟ್ರೋಲರ್‌ಗಳ ಮೇಲಿನ ದೀಪಗಳನ್ನು ಕ್ಯಾಮೆರಾ ನೋಡಿ ನಮ್ಮ ತಲೆ, ಕೈಗಳು ಎಲ್ಲಿವೆಯೆಂದು ಲೆಕ್ಕ ಹಾಕುವ ವಿಧಾನ ಅದು. ಆದ್ದರಿಂದ ಕಿಟಕಿಯ ಬೆಳಕು, ಷೋಕೇಸಿನ ಗಾಜಿನಲ್ಲಿ ಹೊಳೆಯುವ ಟ್ಯೂಬ್‌ಲೈಟ್, ಕೈಗೆ ಅಡ್ಡವಾಗುವ ಸ್ವಂತ ದೇಹ, ಇವೆಲ್ಲ ಲೆಕ್ಕ ತಪ್ಪಿಸುತ್ತಿದ್ದವು. ಒಂದೇ 1920×1080 ಪಿಕ್ಸೆಲ್‌ನ ಪರದೆಯನ್ನು ಎರಡು ಕಣ್ಣುಗಳು ಹಂಚಿಕೊಳ್ಳುತ್ತಿದ್ದುದರಿಂದ ದೂರದ ವಸ್ತುಗಳು ಕಲೆಸಿದಂತೆ ಕಾಣುತ್ತಿದ್ದವು. ಇಷ್ಟಾದರೂ ಅದರಲ್ಲಿ ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್ ಎಂಬ ಗೇಮ್ ಆಡಿದವರು ವಿಆರ್ ಎಂಬುದು ಬರಿಯ ಪ್ರಚಾರವೆಂದು ಹೇಳಲಾರರು. ಆದರೆ ಪ್ರತಿ ಬಾರಿಯೂ ಆಡುವ ಮೊದಲು ಅಷ್ಟೊಂದು ವಯರ್‌ಗಳನ್ನು ಬಿಡಿಸಿಕೊಳ್ಳಬೇಕಾಗಿದ್ದರಿಂದ, ಕೆಲಸ ಮುಗಿಸಿ ದಣಿದು ಮನೆಗೆ ಬಂದ ಸಂಜೆ ಅದನ್ನು ಎತ್ತಿಕೊಳ್ಳುವ ಮನಸ್ಸೇ ಆಗುತ್ತಿರಲಿಲ್ಲ. ಕೈಗೆತ್ತಿಕೊಳ್ಳುವುದು ಎಷ್ಟು ಸಲೀಸು ಎಂಬುದೇ ಮನೆಯಲ್ಲಿ ಇಂತಹ ಸಾಧನದ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಆಗ.

ಎರಡನೆಯದಕ್ಕೆ ನಾಲ್ಕೂವರೆ ಮೀಟರ್ ಉದ್ದದ ಒಂದೇ ಒಂದು ಯುಎಸ್‌ಬಿ ಟೈಪ್-ಸಿ ವಯರ್. ಕ್ಯಾಮೆರಾಗಳು ಹೆಡ್‌ಸೆಟ್ಟಿನ ಮೈಯಲ್ಲೇ ಇವೆ. ಅವು ಕೋಣೆಯನ್ನು ನೋಡಿ ನಮ್ಮ ಸ್ಥಾನವನ್ನು ಗುರುತಿಸುತ್ತವೆ. ಹೀಗಾಗಿ ಈಗ ಸಿದ್ಧಪಡಿಸಬೇಕಾದದ್ದು ಕೋಣೆಯನ್ನೇ. ಓಡಾಡುತ್ತಾ ಆಡಲು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ಜಾಗ ಬೇಕು. ಸೋಫಾ, ಟೀಪಾಯಿ, ದಿವಾನ್ ತುಂಬಿದ ನಮ್ಮ ಹಾಲ್‌ಗಳಲ್ಲಿ ಅಷ್ಟು ಜಾಗವನ್ನು ದಿನಾ ಬಿಡಿಸುವುದು ಆಗದ ಮಾತು. ನಿಂತಲ್ಲೇ ನಿಂತು ಆಡಲು ಒಂದು ಮೀಟರ್ ಚೌಕ ಸಾಕು. ಆದರೆ ತಲೆಯ ಮೇಲೆ ಸೀಲಿಂಗ್ ಫ್ಯಾನ್ ಇದೆಯೆಂಬುದನ್ನು ಮರೆಯಬಾರದು. ಹೆಡ್‌ಸೆಟ್ ಕಣ್ಣುಗಳನ್ನು ಮುಚ್ಚಿರುವಾಗ ಕೈ ಎಷ್ಟು ಮೇಲೆ ಹೋಯಿತೆಂಬ ಅಂದಾಜು ಸಿಗುವುದಿಲ್ಲ, ಹೆಡ್‌ಸೆಟ್ ತೋರಿಸುವ ಗಡಿರೇಖೆಗೆ ಫ್ಯಾನಿನ ಎತ್ತರ ಗೊತ್ತಿರುವುದಿಲ್ಲ. ನಿಂತು ಆಡುವ ಗೇಮ್ ಹಾಕುವ ಮುನ್ನ ನಾನು ಸೀಲಿಂಗ್ ಫ್ಯಾನ್ ಆರಿಸಿ ಟೇಬಲ್ ಫ್ಯಾನ್ ಹಾಕಿಕೊಳ್ಳುತ್ತೇನೆ. ಬೀರುವಿನ ಬಾಗಿಲ ನಿಲುವುಗನ್ನಡಿಗೆ ಒಂದು ಪರದೆ ಬಿಟ್ಟಿದ್ದೇನೆ, ಏಕೆಂದರೆ ಕನ್ನಡಿಯಲ್ಲಿ ಕಾಣುವ ಕೋಣೆಯನ್ನು ಕ್ಯಾಮೆರಾಗಳು ನಿಜವಾದ ಕೋಣೆಯೆಂದೇ ತಿಳಿಯಬಹುದು. ಎದುರಿನ ಬೋಳು ಬಿಳಿಗೋಡೆಯ ಮೇಲೆ ಕ್ಯಾಲೆಂಡರನ್ನೂ ಒಂದೆರಡು ಫೋಟೊಗಳನ್ನೂ ತೂಗುಹಾಕಿದ್ದೇನೆ. ಗುರುತು ಹಿಡಿಯಲು ಗೋಡೆಯ ಮೇಲೆ ಏನಾದರೂ ಇದ್ದರೆ ಕ್ಯಾಮೆರಾಗಳ ಕೆಲಸ ಸುಲಭ.

ಕರಾವಳಿಯ ಹವೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮುಖದ ಸುತ್ತ ರಬ್ಬರಿನ ಕವಚ ಬೆಳಕು ನುಸುಳದಂತೆ ಕೂತಾಗ, ಮೈಯ ಬಿಸಿ ಮತ್ತು ಬೆವರಿನ ತೇವಕ್ಕೆ ತಣ್ಣನೆಯ ಲೆನ್ಸ್ ಮಂಜಾಗುತ್ತದೆ. ಹೆಡ್‌ಸೆಟ್ಟಿನೊಳಗೆ ಪುಟ್ಟ ಫ್ಯಾನ್ ಇದ್ದರೂ ಮೇ ತಿಂಗಳ ಸೆಕೆಗೆ ಅದು ಸಾಲದು. ಕನ್ಸೋಲ್ ಆನ್ ಮಾಡಿ ಹೆಡ್‌ಸೆಟ್ ತುಸು ಬೆಚ್ಚಗಾದ ಮೇಲೆ, ಮುಖ ಒರೆಸಿಕೊಂಡು ಹಾಕಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮಳೆಗಾಲದಲ್ಲಿ ಹಾಗೆಯೇ ಬಿಟ್ಟರೆ ತಲೆಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕ್ಯಾಮೆರಾ ಲೆನ್ಸ್‌ಗಳನ್ನು ಇಡುವಂತೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತೇನೆ. ಡಬ್ಬಿ ಇನ್ನೊಂದು ಕಾರಣಕ್ಕೂ ಬೇಕು. ಲೆನ್ಸಿನ ಮೂಲಕ ಬಿಸಿಲು ಬಿದ್ದರೆ ಅದು ಒಂದೇ ಬಿಂದುವಿನಲ್ಲಿ ಕೂಡಿ ಒಳಗಿನ ಪರದೆಯನ್ನು ಸುಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಇನ್ನು ವಾಕರಿಕೆಯ ವಿಚಾರ. ಕಣ್ಣು ಚಲಿಸುತ್ತಿದ್ದೇನೆ ಎನ್ನುತ್ತದೆ, ಒಳಕಿವಿಯ ಸಮತೋಲನದ ಅಂಗ ಇಲ್ಲ, ಕೂತೇ ಇದ್ದೇನೆ ಎನ್ನುತ್ತದೆ. ಈ ಎರಡರ ನಡುವಿನ ವಿರೋಧದಿಂದ ಹೊಟ್ಟೆ ತೊಳಸುತ್ತದೆ. ಘಾಟಿಯ ರಸ್ತೆಯಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವರಿಗೆ ಆಗುವುದೂ ಇದರ ತಿರುಗುಮುರುಗು ರೂಪವೇ. ಸಹಿಸಿಕೊಂಡು ಆಡುತ್ತಾ ಹೋದರೆ ಅಭ್ಯಾಸವಾಗುತ್ತದೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಹಣೆಯಲ್ಲಿ ತಣ್ಣನೆಯ ಬೆವರು ಮೂಡಿದೊಡನೆ ಅಥವಾ ಬಾಯಲ್ಲಿ ನೀರೂರಿದೊಡನೆ ಹೆಡ್‌ಸೆಟ್ ತೆಗೆದಿಟ್ಟು, ಆ ದಿನಕ್ಕೆ ಮತ್ತೆ ಮುಟ್ಟದಿರುವುದೇ ನನಗೆ ಫಲಕೊಟ್ಟ ಕ್ರಮ. ಹಾಗೆ ಮಾಡುತ್ತಾ ಬಂದಂತೆ ತಡೆದುಕೊಳ್ಳುವ ಹೊತ್ತು ತಾನಾಗಿಯೇ ಹೆಚ್ಚಿತು. ಬಲವಂತ ಮಾಡಿದರೆ ಹೆಡ್‌ಸೆಟ್ಟಿನ ರಬ್ಬರ್ ವಾಸನೆಗೇ ಮೈ ಅಸಹ್ಯಪಡುವಂತಾಗಿ, ಅಭ್ಯಾಸ ಹಿಂದಕ್ಕೆ ಹೋಗುತ್ತದೆ. ಮುಖಕ್ಕೆ ಟೇಬಲ್ ಫ್ಯಾನಿನ ಗಾಳಿ ಬೀಸುವಂತೆ ಇಟ್ಟುಕೊಳ್ಳುವುದು, ಗೇಮಿನೊಳಗೆ ಕಾರು ಗಿರಗಿರನೆ ತಿರುಗಿದಾಗ ಅದು ನಿಲ್ಲುವವರೆಗೆ ಕಣ್ಣು ಮುಚ್ಚಿಕೊಳ್ಳುವುದು, ಇವೆರಡೂ ಉಪಯೋಗಕ್ಕೆ ಬಂದವು. ಎರಡು ಲೆನ್ಸ್‌ಗಳ ಅಂತರವನ್ನು ನಿಮ್ಮ ಕಣ್ಣುಗಳ ಅಂತರಕ್ಕೆ ಸರಿಯಾಗಿ ಹೊಂದಿಸುವುದು ಎಲ್ಲಕ್ಕಿಂತ ಮುಖ್ಯ. ಅದಕ್ಕಾಗಿಯೇ ಹೆಡ್‌ಸೆಟ್ಟಿನ ಮೇಲೆ ಒಂದು ತಿರುಪು ಇದೆ. ಮನೆಯಲ್ಲಿ ಇನ್ನೊಬ್ಬರು ಹಾಕಿಕೊಂಡು ಕೊಟ್ಟ ಮೇಲೆ ಅದನ್ನು ಮತ್ತೆ ನೋಡಿಕೊಳ್ಳಲೇಬೇಕು.

ಈಗ ನಾನು ಈ ಹೆಡ್‌ಸೆಟ್ಟನ್ನು ಉಳಿಸಿಕೊಂಡಿರುವ ಕಾರಣಕ್ಕೆ ಬರುತ್ತೇನೆ. ಗ್ರಾನ್ ಟುರಿಸ್ಮೊ 7 ಎಂಬ ಕಾರ್ ರೇಸಿನ ಗೇಮ್ ಕೊಂಡವರಿಗೆ ಹೆಡ್‌ಸೆಟ್ ಬಂದ ದಿನವೇ ವಿಆರ್ ಸೌಲಭ್ಯ ಉಚಿತ ಅಪ್‌ಡೇಟ್ ಆಗಿ ಸಿಕ್ಕಿತು, ಮತ್ತು ಇಬ್ಬರು ಪರದೆ ಹಂಚಿಕೊಂಡು ಆಡುವ ವಿಧಾನವೊಂದನ್ನು ಬಿಟ್ಟರೆ ಅದರ ರೇಸ್‌ಗಳನ್ನೆಲ್ಲ ವಿಆರ್‌ನಲ್ಲೇ ಆಡಬಹುದು. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಟ್ರ್ಯಾಕಿನಲ್ಲಿ ಕಾರ್ಕ್‌ಸ್ಕ್ರೂ ಎಂಬ ತಿರುವು ಇದೆ. ಏರು ಹತ್ತಿ ದಿಬ್ಬದ ತಲೆಗೆ ಬಂದಾಗ ಮುಂದಿನ ರಸ್ತೆಯೇ ಕಾಣುವುದಿಲ್ಲ. ಎಡಕ್ಕೆ ಹೊರಳಿ ತಕ್ಷಣ ಬಲಕ್ಕೆ ಹೊರಳುವಷ್ಟರಲ್ಲಿ ನೆಲ ಸುಮಾರು 18 ಮೀಟರ್, ಅಂದರೆ ಐದು ಮಹಡಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಟಿವಿಯಲ್ಲಿ ಆಡುವಾಗ ಅದು ನನಗೆ ಒಂದು ಸಾಮಾನ್ಯ ಎಡ-ಬಲ ತಿರುವಾಗಿತ್ತು. ಬ್ರೇಕ್ ಹಾಕುವ ಜಾಗವನ್ನು ರಸ್ತೆಬದಿಯ ಫಲಕ ನೋಡಿ ಬಾಯಿಪಾಠ ಮಾಡಿಕೊಂಡಿದ್ದೆ. ಹೆಡ್‌ಸೆಟ್ ಹಾಕಿಕೊಂಡಾಗ ದಿಬ್ಬದ ಅಂಚಿನಾಚೆಯ ಮರಗಳ ತುದಿಗಳು ಮೊದಲು ಕಂಡವು, ಕಾರಿನ ಮೂತಿ ಆಕಾಶದತ್ತ ಎದ್ದದ್ದು ತಿಳಿಯಿತು, ಎಡಕ್ಕೆ ಕತ್ತು ತಿರುಗಿಸಿ ಒಳ ಅಂಚನ್ನು ಹುಡುಕಿದಾಗ ಅದು ನನ್ನ ಬಾಗಿಲಿನ ಕೆಳಗೆ, ಬಾವಿಯ ಒಳಕಟ್ಟೆ ಕಂಡಷ್ಟು ಸ್ಪಷ್ಟವಾಗಿ, ಕೆಳಕ್ಕೆ ಜಾರುತ್ತಿರುವುದು ಕಾಣಿಸಿತು. ಇಳಿಜಾರಿನಲ್ಲಿ ಹಿಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಕಾರು ಏಕೆ ಅಲ್ಲಿ ಬಾಲ ಎಸೆಯುತ್ತದೆ ಎಂಬುದು ಅರ್ಥವಾದದ್ದು ಆಗಲೇ. ಆಳ, ಇಳಿಜಾರು, ದೂರ ಇವು ಮೂರೂ ಕಾರು ಓಡಿಸುವ ವಿದ್ಯೆಗೆ ಬೇಕೇ ಬೇಕಾದ ಮಾಹಿತಿ. ಚಪ್ಪಟೆ ಪರದೆ ಕೊಡಲಾರದ ಈ ಮಾಹಿತಿಯನ್ನು ಹೆಡ್‌ಸೆಟ್ ಕೊಡುತ್ತದೆ, ಮತ್ತು ನಿಜವಾಗಿಯೂ ಕುರ್ಚಿಯಲ್ಲಿ ಕೂತು, ಮೇಜಿಗೆ ಬಿಗಿದ ಸ್ಟೀರಿಂಗ್ ಹಿಡಿದಿರುವ ನನ್ನ ದೇಹಕ್ಕೂ ಗೇಮಿನೊಳಗಿನ ಚಾಲಕನ ದೇಹಕ್ಕೂ ವ್ಯತ್ಯಾಸವಿಲ್ಲದಂತಾಗುತ್ತದೆ. ಒಂದೇ ಎಚ್ಚರಿಕೆ: ಸ್ಟೀರಿಂಗಿನ ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ, ಅವನ್ನು ಬೆರಳಿನ ಗುರುತಿನಿಂದಲೇ ಕಲಿತಿರಬೇಕು.

ಒಂದು ಕನ್ಸೋಲ್ ಇಷ್ಟನ್ನು ತೋರಿಸಲು ಸಾಧ್ಯವಾಗುವುದು ಹೆಡ್‌ಸೆಟ್ಟಿನೊಳಗೆ ನಮ್ಮ ಕಣ್ಣಾಲಿಗಳನ್ನು ಗಮನಿಸುವ ಪುಟ್ಟ ಕ್ಯಾಮೆರಾಗಳಿಂದ. ಪ್ರತಿ ಕಣ್ಣಿಗೆ 2000×2040 ಪಿಕ್ಸೆಲ್‌ಗಳಿದ್ದರೂ, ಮನುಷ್ಯನ ಕಣ್ಣು ಸೂಕ್ಷ್ಮವಾಗಿ ನೋಡುವುದು ದೃಷ್ಟಿಯ ನಡುವಿನ ಒಂದು ಸಣ್ಣ ವಲಯವನ್ನು ಮಾತ್ರ. ನಾವು ಎಲ್ಲಿ ನೋಡುತ್ತಿದ್ದೇವೋ ಅಲ್ಲಿ ಚಿತ್ರವನ್ನು ಪೂರ್ಣ ವಿವರದಲ್ಲಿ ಬರೆದು, ಉಳಿದೆಡೆ ತೆಳುವಾಗಿ ಬರೆದರೆ ಯಂತ್ರದ ಶ್ರಮ ಬಹಳ ಉಳಿಯುತ್ತದೆ. ಹಾಗಿದ್ದರೂ ಮಿತಿ ಇದ್ದೇ ಇದೆ. ಈ ಗೇಮಿನಲ್ಲಿ ಸೆಕೆಂಡಿಗೆ 60 ಚಿತ್ರಗಳು ಸಿದ್ಧವಾಗುತ್ತವೆ, ನಡುವಿನವುಗಳನ್ನು ಊಹಿಸಿ ತುಂಬಿ 120 ಮಾಡಲಾಗುತ್ತದೆ. ಹೀಗಾಗಿ ಪಕ್ಕದಲ್ಲಿ ವೇಗವಾಗಿ ಹಾದುಹೋಗುವ ಕಂಬ, ಬೇಲಿಗಳಿಗೆ ನೆರಳಿನಂತಹ ಜೋಡಿ ಅಂಚು ಕಾಣುತ್ತದೆ. ರೇಸಿನ ಗಮನದಲ್ಲಿ ನನಗೆ ಅದು ಅಡ್ಡಿಯೆನಿಸುವುದಿಲ್ಲ.

ಕೂತು ಆಡುವ ಬೇರೆ ಬಗೆಯ ಗೇಮ್‌ಗಳಲ್ಲಿ ರೆಸಿಡೆಂಟ್ ಈವಿಲ್ ವಿಲೇಜ್ ಎಂಬ ಭಯಾನಕ ಗೇಮ್ ನನ್ನ ಮೇಲೆ ಗಾಢ ಪರಿಣಾಮ ಮಾಡಿತು, ಆದರೆ ಅದರಲ್ಲಿ ಕಾಲು ನಿಂತಲ್ಲೇ ಇದ್ದು ದೃಶ್ಯ ಮಾತ್ರ ನಡೆಯುವುದರಿಂದ ಹೊಟ್ಟೆ ಬೇಗ ತೊಳಸುತ್ತದೆ. ಬೀಟ್ ಸೇಬರ್‌ನಂತಹ, ನಿಂತು ಕೈ ಬೀಸುವ ಗೇಮ್‌ಗಳು ವಾಕರಿಕೆ ತರುವುದಿಲ್ಲ, ಒಳ್ಳೆಯ ವ್ಯಾಯಾಮವೂ ಹೌದು. ಆದರೆ ಅವುಗಳಿಗಾಗಿ ಕನ್ಸೋಲ್ ಬೇಕಿಲ್ಲ. ಮೆಟಾ ಕ್ವೆಸ್ಟ್‌ನಂತಹ, ವಯರ್ ಇಲ್ಲದೆ ತಾನೇ ನಡೆಯುವ ಹೆಡ್‌ಸೆಟ್‌ಗಳಲ್ಲಿ ಅವು ಇನ್ನೂ ಸಲೀಸಾಗಿ ನಡೆಯುತ್ತವೆ.

ಗೇಮ್‌ಗಳ ಪಟ್ಟಿ ಏಕೆ ಬೆಳೆಯುವುದಿಲ್ಲ ಎಂಬುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಮೊದಲ ಹೆಡ್‌ಸೆಟ್ 50 ಲಕ್ಷ ಮಾರಾಟವಾಗಿದೆಯೆಂದು ಸೋನಿ 2020ರ ಜನವರಿಯಲ್ಲಿ ಪ್ರಕಟಿಸಿದಾಗ, ಪ್ಲೇಸ್ಟೇಷನ್ 4ರ ಮಾರಾಟ 10 ಕೋಟಿಯನ್ನು ದಾಟಿತ್ತು. ಇಪ್ಪತ್ತು ಕನ್ಸೋಲುಗಳಿಗೆ ಒಂದರಂತೆಯೂ ಹೆಡ್‌ಸೆಟ್ ಇಲ್ಲದಿದ್ದರೆ, ವರ್ಷಗಟ್ಟಲೆ ದುಡಿದು ವಿಆರ್‌ಗಾಗಿಯೇ ದೊಡ್ಡ ಗೇಮ್ ಮಾಡುವ ಧೈರ್ಯ ಯಾರಿಗಿರುತ್ತದೆ? ಎರಡನೆಯ ಹೆಡ್‌ಸೆಟ್ ಬಂದಾಗ ಮೊದಲನೆಯದರ ಗೇಮ್‌ಗಳು ಅದರಲ್ಲಿ ನಡೆಯದಂತಾಗಿ, ಕೂಡಿಸಿಟ್ಟುಕೊಂಡ ಪಟ್ಟಿಯೂ ಶೂನ್ಯದಿಂದ ಶುರುವಾಯಿತು. ವಿಆರ್ ಗೇಮ್‌ಗಳಲ್ಲಿ ಅನುಭವವಿದ್ದ ತನ್ನ ಲಂಡನ್ ಸ್ಟುಡಿಯೊವನ್ನು ಮುಚ್ಚುವುದಾಗಿ ಸೋನಿ 2024ರ ಫೆಬ್ರವರಿಯಲ್ಲಿ ಹೇಳಿತು. ಎಕ್ಸ್‌ಬಾಕ್ಸ್ ಈ ದಾರಿಗೆ ಬರಲೇ ಇಲ್ಲ. ನಿಂಟೆಂಡೊ 1995ರಲ್ಲಿ ಕೆಂಪು ಬಣ್ಣ ಮಾತ್ರ ತೋರಿಸುವ ವರ್ಚುವಲ್ ಬಾಯ್ ತಂದು ಬೇಗನೆ ಕೈಬಿಟ್ಟಿತ್ತು, 2019ರಲ್ಲಿ ವಿಆರ್‌ಗೆಂದು ರಟ್ಟಿನ ಕಿಟ್ ಒಂದನ್ನು ತಂದಿತು. ಈಗಾಗಲೇ ಟಿವಿಗೆಂದು ತಯಾರಾಗುವ ಗೇಮಿಗೆ ವಿಆರ್ ಸೌಲಭ್ಯವನ್ನು ಸೇರಿಸಿ ಕೊಡುವ ಗ್ರಾನ್ ಟುರಿಸ್ಮೊದ ಮಾರ್ಗವೇ ಕನ್ಸೋಲಿನಲ್ಲಿ ಬಾಳಿಕೆ ಬರುವಂಥದ್ದು ಎಂದು ನಾನು ನಂಬುತ್ತೇನೆ, ಏಕೆಂದರೆ ಅದರ ಖರ್ಚನ್ನು ಟಿವಿಯಲ್ಲಿ ಆಡುವವರು ಆಗಲೇ ಭರಿಸಿರುತ್ತಾರೆ.

ಮನೆಮಂದಿಯ ದೃಷ್ಟಿಯಿಂದ ನೋಡಿದರೆ ಇದು ಒಬ್ಬರ ಸಾಧನ. ಹಾಕಿಕೊಂಡವರು ಕಾಣುವುದನ್ನು ಟಿವಿಯಲ್ಲಿ ಉಳಿದವರೂ ನೋಡಬಹುದಾದರೂ, ಇನ್ನೊಬ್ಬರ ಕತ್ತಿನ ಜೊತೆ ಅಲುಗಾಡುವ ಚಿತ್ರವನ್ನು ನೋಡುತ್ತಾ ಕೂರುವುದು ಕಷ್ಟ. ಹನ್ನೆರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಸಲ್ಲದೆಂದು ತಯಾರಕರೇ ಹೇಳಿರುವುದರಿಂದ ತಂಗಿಯ ಮಗನಿಗೆ ನಾನು ಕೊಡುವುದಿಲ್ಲ, ಅವನು ಎಷ್ಟೇ ಹಟ ಮಾಡಿದರೂ. ಒಂದು ಅನುಕೂಲ ಮಾತ್ರ ನಮ್ಮ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದೆ. ಅಮ್ಮ ಟಿವಿಯಲ್ಲಿ ಧಾರಾವಾಹಿ ನೋಡುತ್ತಿರುವಾಗಲೇ ನಾನು ಪಕ್ಕದಲ್ಲಿ ಕೂತು ನನ್ನ ರೇಸ್ ಮುಗಿಸಿಕೊಳ್ಳಬಹುದು, ಟಿವಿಗಾಗಿ ಯಾರೂ ಯಾರನ್ನೂ ಕಾಯಬೇಕಾಗಿಲ್ಲ.

2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಈ ಹೆಡ್‌ಸೆಟ್ಟಿನ ಬೆಲೆ 399.99 ಡಾಲರಿಗೆ ಇಳಿಯಿತು. ಅದಕ್ಕೂ ಮೊದಲು, 2024ರ ಆಗಸ್ಟಿನಲ್ಲಿ, ಕಂಪ್ಯೂಟರಿಗೆ ಜೋಡಿಸುವ ಅಡಾಪ್ಟರ್ ಬಂದು, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಗೇಮ್‌ಗಳ ಇನ್ನೊಂದು ದೊಡ್ಡ ಪಟ್ಟಿ ತೆರೆದುಕೊಂಡಿತು. ಆದರೆ ಕಂಪ್ಯೂಟರಿನಲ್ಲಿ ಕಣ್ಣಿನ ಚಲನೆ ಗುರುತಿಸುವ ಸೌಲಭ್ಯ ಕೆಲಸ ಮಾಡುವುದಿಲ್ಲ. ಹೊಸದನ್ನು ಕೊಳ್ಳಲು ಹಿಂಜರಿಯುವವರು ಸೆಕೆಂಡ್ ಹ್ಯಾಂಡ್ ನೋಡಬಹುದು. ಕೊಳ್ಳುವ ಮೊದಲು ಮಾರುವವರ ಮನೆಯಲ್ಲೇ ಹಾಕಿ ನೋಡಿ. ಕನ್ನಡಕದವರು ಬಳಸಿದ್ದರೆ ಲೆನ್ಸಿನ ನಡುವೆ ಗೀರುಗಳಿರುತ್ತವೆ, ಓರೆಯಾಗಿ ಬೆಳಕಿಗೆ ಹಿಡಿದರೆ ಕಾಣುತ್ತವೆ. ತಿಳಿಬಣ್ಣದ ದೃಶ್ಯವೊಂದನ್ನು ತೆರೆದು ಬಿಸಿಲು ಸುಟ್ಟ ಚುಕ್ಕೆಗಳಿವೆಯೇ ಎಂದು ಹುಡುಕಿ. ಹೆಡ್‌ಸೆಟ್ ಹಾಕಿಕೊಂಡಿರುವಾಗಲೇ ವಯರನ್ನು ಎರಡೂ ತುದಿಗಳ ಬಳಿ ಮೆಲ್ಲಗೆ ಅಲುಗಾಡಿಸಿ, ಚಿತ್ರ ಒಮ್ಮೆ ಮಿಣುಕಿದರೂ ಬಿಟ್ಟುಬಿಡಿ. ಎರಡೂ ಕಂಟ್ರೋಲರ್‌ಗಳು ಚಾರ್ಜ್ ಆಗುತ್ತಿವೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ, ಏಕೆಂದರೆ ಅವುಗಳಲ್ಲಿ ಒಂದನ್ನೇ ಬಿಡಿಯಾಗಿ ಹುಡುಕಿ ತರುವುದು ಸುಲಭವಲ್ಲ.