ಹುಡುಗರನ್ನ ಎಎ ಮೀಟಿಂಗಿಗೆ ಕಳಿಸೋ ಮುಂಚೆ ಏನೇನು ಮಾಡ್ಬೇಕು

ಹೋದ ಮಳೆಗಾಲ ಚಿಕ್ಕಮಗಳೂರಲ್ಲಿ ನಮ್ಮ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗುಂಪು) ಮೀಟಿಂಗಿಗೆ ಒಬ್ಬ ಹುಡುಗ ಬಂದ, ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ, ಅವನ ಮಾವ ಬಾಗಿಲ ತನಕ ಬಂದು "ಮುಗಿದ್ಮೇಲೆ ಫೋನ್ ಮಾಡೋ" ಅಂತ ಹೇಳಿ ಹೋಗೇಬಿಟ್ರು. ಒಳಗೆ ನಾವು ಹದಿನಾಲ್ಕು ಜನ ಗಂಡಸರು. ಒಬ್ರೂ ವಯಸ್ಸು ಕೇಳ್ಲಿಲ್ಲ, ಊರು ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ, ಯಾಕಂದ್ರೆ ಕೇಳದೇ ಇರೋದೇ ನಮ್ಮಲ್ಲಿ ಪದ್ಧತಿ, ನಾನು ಕುಡಿತ ಬಿಟ್ಟು ಇವತ್ತು ಮನುಷ್ಯನಾಗಿರೋದೂ ಅದ್ರಿಂದಾನೇ. ಆದ್ರೆ ಟೀ ಬರೋ ಹೊತ್ತಿಗೆ ಆ ಹುಡುಗನ ಕೈಯಲ್ಲಿ ಐದು ಫೋನ್ ನಂಬರಿನ ಚೀಟಿ, ಒಬ್ರು "ಆಲ್ದೂರಿಗೆ ಬೈಕಲ್ಲಿ ಬಿಡ್ತೀನಿ ಬಾ" ಅಂತ ಹೆಲ್ಮೆಟ್ ಹಾಕ್ಕೊಂಡು ರೆಡಿ. ಒಳ್ಳೆಯವರೇ ಇರಬಹುದು. ಮೂರು ವರ್ಷದಿಂದ ಪಕ್ಕದ ಕುರ್ಚೀಲಿ ಕೂರ್ತಾರೆ, ಅವರ ಪೂರ್ತಿ ಹೆಸರು ನನಗೇ ಗೊತ್ತಿರಲಿಲ್ಲ.

ಎಎ 1935ರಲ್ಲಿ ಅಮೆರಿಕದ ಓಹಾಯೋದಲ್ಲಿ ಶುರುವಾಗಿದ್ದು. ಕುಡಿತ ಬಿಡ್ಬೇಕು ಅನ್ನೋ ಆಸೆ ಒಂದಿದ್ರೆ ಸಾಕು, ಬೇರೆ ಏನೂ ಬೇಡ. ಫೀಸಿಲ್ಲ, ಅರ್ಜಿ ಇಲ್ಲ, ಡಾಕ್ಟ್ರು ಕೌನ್ಸೆಲರ್ ಯಾರೂ ಇರಲ್ಲ, ಬರೋರ ಹಿನ್ನೆಲೆ ಯಾರೂ ವಿಚಾರಿಸಲ್ಲ. ದೊಡ್ಡೋರಿಗೆ ಇದು ವರ, ಹದಿನೆಂಟು ತುಂಬದೋರ ವಿಷಯಕ್ಕೆ ಬಂದ್ರೆ ಇದೇ ತೂತು. ಹಾಗಾಗಿ ಗುಂಪು ಕೇಳದ ಪ್ರಶ್ನೆನೆಲ್ಲ ಮನೆಯೋರು ಕೇಳ್ಬೇಕು.

ಮೊದಲು ಡಾಕ್ಟ್ರು, ಆಮೇಲೆ ಮೀಟಿಂಗು. ದಿನಾ ಕುಡೀತಿದ್ದೋರು ದಿಢೀರ್ ಬಿಟ್ರೆ ಕೈ ನಡುಕ, ಬೆವರು, ಕೆಲವರಿಗೆ ಎರಡು ಮೂರು ದಿನದಲ್ಲಿ ಫಿಟ್ಸು, ಭ್ರಮೆ ಎಲ್ಲ ಬರುತ್ತೆ, ಅದು ಪ್ರಾಣಕ್ಕೇ ಕುತ್ತು, ಚರ್ಚೆ ಮಾಡಿ ಸರಿ ಹೋಗೋದಲ್ಲ. ಹಾಸನದ ಕಡೆಯೋರಾದ್ರೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋರೋಗ ವಿಭಾಗ, ನಮ್ಮ ಕಡೆಯೋರು ಜಿಲ್ಲಾಸ್ಪತ್ರೆ. ಹೋಗೋಕೆ ನಾಚಿಕೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಡಾಕ್ಟ್ರು ಸರಿ ಅಂದ್ರೆ ಗುಂಪಿಗೆ ಫೋನ್ ಮಾಡಿ "ಓಪನ್ ಮೀಟಿಂಗಾ, ಕ್ಲೋಸ್ಡಾ?" ಅಂತ ಕೇಳಿ. ಕ್ಲೋಸ್ಡ್ ಅಂದ್ರೆ ಕುಡಿತದ ತೊಂದರೆ ಇರೋರಿಗೆ ಮಾತ್ರ, ನಿಮ್ಮನ್ನ ಒಳಗೆ ಬಿಡಲ್ಲ, ಅಂದ್ಮೇಲೆ ಹುಡುಗನನ್ನೂ ಒಬ್ಬನನ್ನೇ ಬಿಡ್ಬೇಡಿ. ಓಪನ್ ಆದ್ರೆ ಯಾರು ಬೇಕಾದ್ರೂ ಕೂರಬಹುದು. ಮೊದಲ ಸಲ ಹುಡುಗನನ್ನ ಮನೇಲಿ ಬಿಟ್ಟು ನೀವೊಬ್ರೇ ಹೋಗಿ ಕೂತು ಬನ್ನಿ. ಅಲ್ಲಿ ಬರೋ ಮಾತು ಸಣ್ಣದಲ್ಲ ಕಣ್ರೀ, ಹೆಂಡತೀನ ಹೊಡೆದಿದ್ದು, ವಿಷ ಕುಡಿಯೋಕೆ ಹೋಗಿದ್ದು ಎಲ್ಲ ಬಿಚ್ಚಿ ಹೇಳ್ತಾರೆ, ಹದಿನೈದರ ಹುಡುಗನ ತಲೇಲಿ ಅದು ಹೇಗೆ ಕೂರುತ್ತೋ ನೀವೇ ಯೋಚನೆ ಮಾಡಿ.

ನಿಜವಾದ ಅಪಾಯ ಇರೋದು ಮೀಟಿಂಗಲ್ಲಿ ಅಲ್ಲ, ಮುಗಿದ್ಮೇಲೆ. ಎಎಲಿ ಕುಡಿತದಿಂದ ಹೊರಬರೋಕೆ 12 ಹೆಜ್ಜೆ ಅಂತಿದೆ, ಹಳೇ ಮೆಂಬರು ಕಾಮದ ಆಸೆಯಿಂದ ಹೊಸದಾಗಿ ಬಂದೋರ ಹಿಂದೆ ಬೀಳೋದಕ್ಕೆ ಅಮೆರಿಕದಲ್ಲಿ "ಹದಿಮೂರನೇ ಹೆಜ್ಜೆ" ಅಂತ ಅಡ್ಡಹೆಸರೇ ಇಟ್ಟಿದ್ದಾರೆ, ಅಂದ್ರೆ ಎಷ್ಟು ಹಳೇ ರೋಗ ನೋಡಿ. ಹೊಸಬರ ಕೈ ಹಿಡಿದು ನಡೆಸೋ ಸ್ಪಾನ್ಸರ್ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರಲಿ ಅಂತ ಎಎನೇ ಹೇಳುತ್ತೆ, ಆದ್ರೆ ಹುಡುಗರಿಗೆ ಅದೊಂದೇ ಕಾವಲಾಗಲ್ಲ. ಅದಕ್ಕೆ ನಂಬರ್ ಕೊಡೋದಿದ್ರೆ ನಿಮ್ಮ ನಂಬರ್ ಕೊಡಿ, ಹುಡುಗನದ್ದು ಬೇಡ. ಡ್ರಾಪ್ ಯಾರದ್ದೂ ಬೇಡ, ರಾತ್ರಿ ಬಸ್ಸು ತಪ್ಪೋ ಹಾಗಿದ್ರೆ ಆ ವಾರ ಮೀಟಿಂಗೇ ಬೇಡ. ತೋಟದ ಕೂಲಿ ಲೈನ್‌ಮನೆಗಳಿಂದ ಬರೋ ಮಕ್ಕಳಿಗೆ ಇದು ದೊಡ್ಡ ಕಷ್ಟ, ಗೊತ್ತು. ಯಾರಾದ್ರೂ "ಇದು ನಮ್ಮಿಬ್ಬರಲ್ಲೇ ಇರಲಿ" ಅಂದ್ರೆ ಅವತ್ತೇ ಮನೇಲಿ ಹೇಳ್ಬೇಕು ಅಂತ ಹುಡುಗನಿಗೆ ಮೊದಲೇ ಬಿಡಿಸಿ ಹೇಳಿ. ಮೀಟಿಂಗಿನ ಗುಟ್ಟು ಬೇರೆ, ಈ ಗುಟ್ಟು ಬೇರೆ.

ಇನ್ನೊಂದು, ಕುಡಿಯೋದು ಅಪ್ಪ, ನರಳೋದು ಮಗಳು ಅಂತಾದ್ರೆ ಅವಳಿಗೆ ಎಎ ಅಲ್ಲ, ಅಲಟೀನ್. ಕುಡಿಯೋರ ಮನೆ ಮಕ್ಕಳಿಗೇ ಅಂತ 1957ರಲ್ಲಿ ಶುರುವಾಗಿದ್ದು, ಜವಾಬ್ದಾರಿ ಹೊತ್ತ ದೊಡ್ಡೋರು ಅಲ್ಲಿ ಇರಲೇಬೇಕು. ಹತ್ತಿರದಲ್ಲಿ ಇಲ್ಲದಿದ್ರೆ ಶಾಲೆ ಮೇಷ್ಟ್ರೋ ಅದೇ 14416 ಸಹಾಯವಾಣಿಯೋ ಆಗುತ್ತೆ.

ಏನಾದ್ರೂ ಎಡವಟ್ಟಾದ್ರೆ 1098, ಮಕ್ಕಳ ಸಹಾಯವಾಣಿ. ಗುಂಪಿನೋರಿಗೂ ಹೇಳ್ತೀನಿ, "ಇಲ್ಲಿ ಕೇಳಿದ್ದು ಇಲ್ಲೇ ಬಿಡಿ" ಅನ್ನೋ ಮಾತು ಇಲ್ಲಿ ನಡೆಯಲ್ಲ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದೂ ಪೊಲೀಸಿಗೆ ತಿಳಿಸದಿದ್ರೆ 2012ರ ಪೋಕ್ಸೊ ಕಾಯ್ದೇಲಿ ಅದೇ ಅಪರಾಧ. ಹಾಗೇ ಹುಡುಗನಿಗೆ ಎಣ್ಣೆ ಕೊಟ್ಟಿದ್ದು ಯಾರು ಅಂತಾನೂ ವಿಚಾರಿಸಿ, 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅದಕ್ಕೆ 7 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ.

ಆವತ್ತು ಆ ಬೈಕಿನೋರಿಗೆ ನಾನೇ ಅಡ್ಡ ಹೋಗಿ, ಹುಡುಗನ ಫೋನಿಂದ ಮಾವನಿಗೆ ಕಾಲ್ ಹಾಕಿಸಿದೆ. ಬೈಕಿನೋರು ಎರಡು ವಾರ ನನ್ನ ಹತ್ರ ಮಾತು ಬಿಟ್ಟಿದ್ರು. ಈಗ ಮಾವ ಪ್ರತಿ ವಾರ ಬರ್ತಾರೆ, ಹಿಂದಿನ ಸಾಲಲ್ಲಿ ಕೂರ್ತಾರೆ, ಮಧ್ಯದಲ್ಲಿ ತೂಕಡಿಸ್ತಾರೆ, ಪರವಾಗಿಲ್ಲ.